ಹಳೆಯ ಮೋಟಾರು, ಹೊಸ ನಿಯಮ
ಅಮೆರಿಕದ ‘ಹಾಟ್ ರಾಡ್’ ಕೂಟಗಳಲ್ಲಿ ಸದಸ್ಯತ್ವದ ಚರ್ಚೆ

ಸಂಘವೊಂದನ್ನು ಸ್ಥಾಪಿಸುವುದು ಸುಲಭ. ಅದರಲ್ಲಿ ಯಾರು ಸೇರಬಹುದು, ಯಾರು ಸೇರಬಾರದು ಎಂದು ನಿರ್ಣಯಿಸುವುದು ಕಷ್ಟ. ವಾರ್ಷಿಕ ಮಹಾಸಭೆಗಳಲ್ಲಿ ಕುಳಿತು ಅನುಭವವುಳ್ಳ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ವರ್ಷದ ಲೆಕ್ಕಪತ್ರ ಐದು ನಿಮಿಷಗಳಲ್ಲಿ ಮಂಜೂರಾಗುವುದುಂಟು. ನಿಯಮಾವಳಿಯ ಒಂದು ಕಲಮನ್ನು ತಿದ್ದಲು ಹೊರಟರೆ ಸಭಾಗೃಹದ ದೀಪ ಆರಿಸುವ ಹೊತ್ತಾದರೂ ಮಾತು ಮುಗಿಯುವುದಿಲ್ಲ.

ಅಮೆರಿಕ ದೇಶದಲ್ಲಿ ಹಳೆಯ ಮೋಟಾರುಗಳನ್ನು ಬಿಚ್ಚಿ, ಮಾರ್ಪಡಿಸಿ, ವೇಗವಾಗಿ ಓಡಿಸುವ ಹವ್ಯಾಸವೊಂದು ಬಹುಕಾಲದಿಂದ ಬೆಳೆದು ಬಂದಿದೆ. ಅಂತಹ ಮೋಟಾರಿಗೆ ‘ಹಾಟ್ ರಾಡ್’ ಎಂದು ಹೆಸರು. ಯಾವ ಮೋಟಾರು ಹಾಟ್ ರಾಡ್, ಯಾವುದಲ್ಲ; ಯಾವ ವರ್ಷದವರೆಗಿನ ವಾಹನಕ್ಕೆ ಕೂಟದಲ್ಲಿ ಪ್ರವೇಶ, ಯಾವುದಕ್ಕಿಲ್ಲ ಎಂಬ ಚರ್ಚೆ ಆ ಹವ್ಯಾಸಿಗಳಲ್ಲಿ ಎಂಟು ದಶಕಗಳಿಂದಲೂ ನಡೆಯುತ್ತಿದೆ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯವರ ಜಗಳವೆಂದು ತೋರಬಹುದು. ಒಳಹೊಕ್ಕು ನೋಡಿದರೆ, ಒಂದು ಬಳಗವು ತನ್ನ ಮುಂದಿನ ತಲೆಮಾರನ್ನು ಹೇಗೆ ಕರೆದುಕೊಳ್ಳಬೇಕೆಂಬ ಗಂಭೀರ ಪ್ರಶ್ನೆಯೇ ಅದರಲ್ಲಿ ಅಡಗಿದೆ.

ಬಡವರ ಹವ್ಯಾಸ

ಹೆನ್ರಿ ಫೋರ್ಡರ ‘ಟಿ’ ಮಾದರಿಯ ಮೋಟಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. ಅದರ ತರುವಾಯ 1928ರಿಂದ 1931ರವರೆಗೆ ‘ಎ’ ಮಾದರಿ ಬಂದಿತು. 1932ರಲ್ಲಿ ಎಂಟು ಸಿಲಿಂಡರುಗಳ ‘ವಿ-8’ ಯಂತ್ರವನ್ನು ಸಾಮಾನ್ಯ ಜನರ ಕೈಗೆಟುಕುವ ಬೆಲೆಯ ಮೋಟಾರಿನಲ್ಲಿ ಫೋರ್ಡ್ ಕಂಪನಿ ಅಳವಡಿಸಿತು. ಆ ಯಂತ್ರದ ಶಕ್ತಿ 65 ಅಶ್ವಶಕ್ತಿ. ಹೀಗೆ ಲಕ್ಷಗಟ್ಟಲೆ ಮೋಟಾರುಗಳು ಹಳೆಯವಾಗಿ ಗುಜರಿಗೆ ಬಂದು ಬಿದ್ದಾಗ, ಕ್ಯಾಲಿಫೋರ್ನಿಯಾದ ತರುಣರು ಅವುಗಳನ್ನು ಅಲ್ಪ ಬೆಲೆಗೆ ಕೊಂಡರು. ಮಡ್‌ಗಾರ್ಡು ಬಿಚ್ಚಿದರು, ಬಾನೆಟ್ಟು ತೆಗೆದರು, ಭಾರವೆನಿಸಿದ್ದನ್ನೆಲ್ಲ ಕಳಚಿದರು. ಕಾರ್ಬ್ಯುರೇಟರು ಒಂದಿದ್ದಲ್ಲಿ ಎರಡು ಕೂಡಿಸಿದರು.

ಇವರು ಸಿರಿವಂತರ ಮಕ್ಕಳಾಗಿರಲಿಲ್ಲ. ಹಗಲು ಗ್ಯಾರೇಜಿನಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ಸಂಜೆ ತಮ್ಮ ಮೋಟಾರಿನ ಕೆಳಗೆ ಮಲಗುತ್ತಿದ್ದವರು. ಹೊಸ ಮೋಟಾರು ಕೊಳ್ಳಲು ಹಣವಿಲ್ಲದವನು ತನ್ನ ಕೈಚಳಕದಿಂದ ಹಣವಂತನ ಮೋಟಾರನ್ನು ಹಿಂದೆ ಹಾಕಬಹುದು ಎಂಬುದೇ ಈ ಹವ್ಯಾಸದ ಮೂಲ ಸಂತೋಷ. ಮುಂದೆ ಬರುವ ಎಲ್ಲ ವಾದವಿವಾದಗಳನ್ನು ತೂಗಿ ನೋಡುವಾಗ ಈ ಸಂಗತಿಯನ್ನು ವಾಚಕರು ಮರೆಯದಿರಬೇಕು.

ಪ್ರಾರಂಭದಲ್ಲಿ ‘ಹಾಟ್ ರಾಡ್’ ಎಂಬ ಹೆಸರೂ ಇರಲಿಲ್ಲ. ‘ಗೌ ಜಾಬ್’, ‘ಹಾಪ್-ಅಪ್’ ಮುಂತಾದ ಮಾತುಗಳು ಬಳಕೆಯಲ್ಲಿದ್ದವು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ‘ಹಾಟ್ ರಾಡ್’ ಎಂಬ ಮಾತು ಹಬ್ಬಿತು. ಪತ್ರಿಕೆಗಳು ಆ ಮಾತನ್ನು ಬಹುಮಟ್ಟಿಗೆ ನಿಂದೆಯ ಅರ್ಥದಲ್ಲಿ ಬಳಸಿದವು: ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಹೂಡಿ ಜನರ ಪ್ರಾಣಕ್ಕೆ ಸಂಚಕಾರ ತರುವ ಪುಂಡ ಹುಡುಗರು ಎಂಬ ಅರ್ಥದಲ್ಲಿ. ಸದಸ್ಯತ್ವದ ಮೊದಲ ನಿಯಮಗಳು ಹುಟ್ಟಿಕೊಂಡದ್ದು ಈ ಅಪವಾದವನ್ನು ತೊಡೆಯುವ ಆಸೆಯಿಂದಲೇ.

ಮೊದಲನೆಯ ಬಾಗಿಲು

ಲಾಸ್ ಏಂಜಲೀಸ್ ನಗರದ ಆಚೆ, ಮರುಭೂಮಿಯಲ್ಲಿ, ಒಣಗಿ ಗಟ್ಟಿಯಾದ ಸರೋವರಗಳ ವಿಶಾಲವಾದ ತಳಗಳಿವೆ. ಅವುಗಳಲ್ಲಿ ಮುರಾಕ್ ಪ್ರಸಿದ್ಧವಾದುದು. ತರುಣರು ಅಲ್ಲಿ ತಮ್ಮ ಮೋಟಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. 1937ರಲ್ಲಿ ಹಲವು ಕ್ಲಬ್ಬುಗಳು ಕೂಡಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಎಂಬ ಒಕ್ಕೂಟವನ್ನು ಸ್ಥಾಪಿಸಿದವು. ಅಲ್ಲಿ ಓಡಬೇಕೆನ್ನುವವನು ಮೊದಲು ಯಾವುದಾದರೂ ಒಂದು ಕ್ಲಬ್ಬಿನ ಸದಸ್ಯನಾಗಬೇಕಿತ್ತು. ಕ್ಲಬ್ಬು ಒಕ್ಕೂಟಕ್ಕೆ ಸೇರಿರಬೇಕಿತ್ತು. ರಸ್ತೆಯಲ್ಲಿ ಪಂದ್ಯ ಹೂಡಿ ಸಿಕ್ಕಿಬಿದ್ದವನ ಮೇಲೆ ಕ್ಲಬ್ಬೇ ಶಿಸ್ತಿನ ಕ್ರಮ ಕೈಗೊಳ್ಳುವ ಪದ್ಧತಿಯೂ ಬೆಳೆಯಿತು. ಒಬ್ಬನ ತಪ್ಪಿಗೆ ಇಡೀ ಬಳಗ ಹೆಸರು ಕೆಡಿಸಿಕೊಳ್ಳಬಾರದು ಎಂಬ ಈ ಏರ್ಪಾಡು ಯುಕ್ತವಾದುದೇ.

ಆದರೆ ಇದೇ ಒಕ್ಕೂಟದಲ್ಲಿ ಇನ್ನೊಂದು ನಿಯಮವೂ ಇದ್ದಿತು. ಮೇಲೆ ಗಟ್ಟಿಯಾದ ಛಾವಣಿಯಿಲ್ಲದ, ಪಕ್ಕದಲ್ಲಿ ಏರಿಸಿ ಇಳಿಸುವ ಗಾಜಿಲ್ಲದ ‘ರೋಡ್‌ಸ್ಟರ್’ ಮೋಟಾರುಗಳಿಗೇ ಅಲ್ಲಿ ಸ್ಥಾನ. ಛಾವಣಿಯುಳ್ಳ ‘ಕೂಪೆ’, ‘ಸೆಡಾನ್’ ಮೋಟಾರುಗಳಿಗೆ ಪ್ರವೇಶವಿರಲಿಲ್ಲ. ರೋಡ್‌ಸ್ಟರ್ ಹಗುರ, ಅಗ್ಗ. ಕೂಪೆಯೆಂದರೆ ಸಂಸಾರಸ್ಥರ ವಾಹನ ಎಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು.

ಯುದ್ಧ ಮುಗಿದು ತರುಣರು ಸೈನ್ಯದಿಂದ ಮರಳಿದಾಗ, ಕೂಪೆಗಳನ್ನು ಹೊಂದಿದ್ದವರು ಈ ಬಾಗಿಲಿನ ಮುಂದೆ ಕಾಯುತ್ತ ಕೂರಲಿಲ್ಲ. ‘ರಸ್ಸೆಟ್ಟಾ ಟೈಮಿಂಗ್ ಅಸೋಸಿಯೇಷನ್’ ಎಂಬ ಬೇರೊಂದು ಒಕ್ಕೂಟ ಅವರಿಗೆ ಎಡೆ ಕೊಟ್ಟಿತು. ಪಿಯರ್ಸನ್ ಸೋದರರ 1934ರ ಫೋರ್ಡ್ ಕೂಪೆ, ಛಾವಣಿಯನ್ನು ಕೊಯ್ದು ತಗ್ಗಿಸಿಕೊಂಡು, ಅಲ್ಲಿಯೇ ಹೆಸರು ಮಾಡಿತು. ಕೂಪೆಯ ವೇಗವನ್ನು ಕಣ್ಣಾರೆ ಕಂಡ ಮೇಲೆ, ಅದು ‘ನಿಜವಾದ’ ಹಾಟ್ ರಾಡ್ ಅಲ್ಲವೆಂದು ವಾದಿಸುವುದು ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ಹಳೆಯ ಒಕ್ಕೂಟವೂ ಛಾವಣಿಯುಳ್ಳ ಮೋಟಾರುಗಳಿಗೆ ಬಾಗಿಲು ತೆರೆಯಿತು. ಇಂದು ಹಾಟ್ ರಾಡ್ ಎಂದೊಡನೆ ಅನೇಕರ ಕಣ್ಣಮುಂದೆ ನಿಲ್ಲುವುದು ಛಾವಣಿ ತಗ್ಗಿಸಿದ ಕೂಪೆಯೇ! ಒಂದು ಕಾಲದಲ್ಲಿ ಹೊರಗೆ ನಿಂತಿದ್ದುದು ಇನ್ನೊಂದು ಕಾಲಕ್ಕೆ ಸಂಪ್ರದಾಯದ ಗುರುತಾಯಿತು.

ಇಲ್ಲಿ ವೀಡಾ ಓರ್ ಎಂಬ ಮಹಿಳೆಯನ್ನು ಸ್ಮರಿಸುವುದು ಉಚಿತ. ಗಂಡಸರದೇ ಆಗಿದ್ದ ಆ ಬಳಗದಲ್ಲಿ ಸದಸ್ಯತ್ವ ಪಡೆದು, ಒಣಸರೋವರದ ಮೇಲೆ ತಾವೇ ಮೋಟಾರು ಓಡಿಸಿ ವೇಗದ ದಾಖಲೆಗೆ ಸೇರಿದವರು ಈಕೆ. ಯುದ್ಧಕಾಲದಲ್ಲಿ ಸದಸ್ಯರು ದೇಶಾಂತರಗಳ ರಣಾಂಗಣಗಳಿಗೆ ಚದುರಿಹೋದಾಗ, ಒಕ್ಕೂಟದ ಸುದ್ದಿಪತ್ರವನ್ನು ಸಿದ್ಧಪಡಿಸಿ ಅವರಿದ್ದಲ್ಲಿಗೆ ಅಂಚೆಯಲ್ಲಿ ಕಳುಹಿಸಿದವರೂ ಈಕೆಯೇ. ಊರು ಬಿಟ್ಟು ದೂರದಲ್ಲಿರುವವನಿಗೆ ತನ್ನ ಬಳಗದ ಸುದ್ದಿ ಹೊತ್ತ ನಾಲ್ಕು ಹಾಳೆ ಏನೆಂಬುದನ್ನು ನಮ್ಮ ವಾಚಕರು ಬಲ್ಲರು. ಸದಸ್ಯರ ಪಟ್ಟಿಯಲ್ಲಿ ಅಪವಾದವೆಂಬಂತೆ ಸೇರಿದವರೇ ಆ ಪಟ್ಟಿ ಚದುರಿಹೋಗದಂತೆ ಕಾಪಾಡಿದರು.

1948 ಎಂಬ ಗೋಡೆ

1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅವರು ‘ಹಾಟ್ ರಾಡ್’ ಮಾಸಪತ್ರಿಕೆಯನ್ನು ಹೊರತಂದರು. ಅದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಅವರು 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿ, ಪಂದ್ಯಗಳನ್ನು ರಸ್ತೆಯಿಂದ ಮೈದಾನಕ್ಕೆ ತಂದು, ಸುರಕ್ಷತೆಯ ನಿಯಮಗಳಿಗೆ ಒಳಪಡಿಸಿದರು. ನಿಂದೆಯ ಹೆಸರು ಹೀಗೆ ಗೌರವದ ಹೆಸರಾಯಿತು.

ಆದರೆ ಪಂದ್ಯದ ಮೋಟಾರುಗಳು ವರ್ಷದಿಂದ ವರ್ಷಕ್ಕೆ ದುಬಾರಿಯಾದವು; ಮನೆಯಿಂದ ಓಡಿಸಿಕೊಂಡು ಬರುವ ಹಳೆಯ ಮೋಟಾರಿಗೆ ಅಲ್ಲಿ ಸ್ಥಳವಿಲ್ಲದಾಯಿತು. ಜತೆಗೆ 1964ರಲ್ಲಿ ಪಾಂಟಿಯಾಕ್ ಜಿ.ಟಿ.ಓ. ಮೊದಲಾದ ಬಲಿಷ್ಠ ಮೋಟಾರುಗಳನ್ನು ಕಂಪನಿಗಳೇ ಮಾರತೊಡಗಿದುವು. ವೇಗವು ಅಂಗಡಿಯಲ್ಲಿಯೇ ದೊರೆಯುವಾಗ ಅದನ್ನು ಕೈಯಿಂದ ಕಟ್ಟುವವರ ಸಂಖ್ಯೆ ಇಳಿಯಿತು. ಅಳಿದುಳಿದವರನ್ನು ಒಟ್ಟುಗೂಡಿಸಲು ‘ರಾಡ್ ಆ್ಯಂಡ್ ಕಸ್ಟಮ್’ ಎಂಬ ಪತ್ರಿಕೆಯ ಮುಂದಾಳುತನದಲ್ಲಿ 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾ ನಗರದಲ್ಲಿ ಪ್ರಥಮ ರಾಷ್ಟ್ರೀಯ ಕೂಟ ನೆರೆಯಿತು. ‘ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್’ ಹುಟ್ಟಿದುದೂ ಆ ವರ್ಷವೇ. ‘ಹಾಟ್’ ಹೋಗಿ ‘ಸ್ಟ್ರೀಟ್’ ಬಂದುದನ್ನು ಗಮನಿಸಬೇಕು. ಪಂದ್ಯಕ್ಕಲ್ಲ, ರಸ್ತೆಯಲ್ಲಿ ಸಂಸಾರ ಸಮೇತ ಓಡಿಸಿ ಆನಂದಿಸುವುದಕ್ಕೆ ಎಂಬ ಉದ್ದೇಶವನ್ನು ಈ ಹೆಸರು ಸಾರುತ್ತಿತ್ತು.

ಈ ಸಂಸ್ಥೆಯ ವ್ಯಾಖ್ಯೆಯ ತಿರುಳು ಇಷ್ಟು: 1948 ಅಥವಾ ಅದಕ್ಕೂ ಹಿಂದಿನ ಮಾದರಿಯದಾಗಿದ್ದು, ಯಂತ್ರದಲ್ಲಿಯೋ ಇತರ ಭಾಗಗಳಲ್ಲಿಯೋ ಆಧುನಿಕ ಮಾರ್ಪಾಟು ಪಡೆದಿರತಕ್ಕ ಮೋಟಾರು.

1948 ಏಕೆ? ಕಾರಣ ಸ್ಪಷ್ಟವಿದೆ. ಅಲ್ಲಿಯವರೆಗಿನ ಫೋರ್ಡ್ ಮೋಟಾರುಗಳಲ್ಲಿ ಮಡ್‌ಗಾರ್ಡುಗಳು ಮೈಯಿಂದ ಬೇರೆಯಾಗಿ ಉಬ್ಬಿ ನಿಲ್ಲುತ್ತಿದ್ದವು. ಮೊಳೆ ಬಿಚ್ಚಿ ತೆಗೆಯಬಹುದಿತ್ತು. 1948ರ ಜೂನಿನಲ್ಲಿ ಮಾರುಕಟ್ಟೆಗೆ ಬಂದ 1949ರ ಮಾದರಿಯಲ್ಲಿ ಮಡ್‌ಗಾರ್ಡೂ ಬಾಗಿಲೂ ಒಂದೇ ಸಮನೆಯ ಗೋಡೆಯಂತೆ ಕೂಡಿಹೋದವು. ಬಿಚ್ಚಿ ಕಟ್ಟುವ ಮೋಟಾರಿನ ಯುಗ ಅಲ್ಲಿಗೆ ಮುಗಿಯಿತೆಂದು ಹವ್ಯಾಸಿಗಳು ಭಾವಿಸಿದುದರಲ್ಲಿ ಅರ್ಥವಿತ್ತು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಿರಿ. 1970ರಲ್ಲಿ 1948ರ ಮೋಟಾರಿಗೆ ಕೇವಲ 22 ವರ್ಷ. ಇಪ್ಪತ್ತರ ತರುಣನು ತನ್ನ ಸಂಬಳದಲ್ಲಿ ಉಳಿಸಿ ಕೊಳ್ಳಬಹುದಾದ ಹಳೆಯ ವಾಹನವದು. 2010ಕ್ಕೆ ಅದೇ ಮೋಟಾರಿಗೆ 62 ವರ್ಷವಾಯಿತು. ಅದು ಸಂಗ್ರಾಹಕರ ಸೊತ್ತಾಗಿ ಬೆಲೆ ಏರಿತು. ನಿಯಮದಲ್ಲಿ ಒಂದಕ್ಷರವೂ ಬದಲಾಗದೆ ಅದರ ಅರ್ಥ ತಲೆಕೆಳಗಾಯಿತು. ಪಿಯೋರಿಯಾದಲ್ಲಿ ನೆರೆದವರ ಅಳತೆಯನ್ನೇ 2025ಕ್ಕೆ ಹಿಡಿದರೆ, 22 ವರ್ಷ ಹಳೆಯದೆಂದರೆ 2003ರ ಮೋಟಾರು! ಬಡ ತರುಣರಿಗಾಗಿ ತೆರೆದಿದ್ದ ಬಾಗಿಲು ಕಾಲ ಕಳೆದಂತೆ ತಾನಾಗಿಯೇ ಸಿರಿವಂತ ವೃದ್ಧರ ಬಾಗಿಲಾಯಿತು. ಅದನ್ನು ಯಾರೂ ಮುಚ್ಚಿದ್ದಲ್ಲ. ಯಾರೂ ಮುಟ್ಟಲಿಲ್ಲವಾದುದರಿಂದಲೇ ಹಾಗಾಯಿತು.

ಗೋಡೆ ಸರಿದ ಬಗೆ

1949ರ ಈಚಿನ ಮೋಟಾರುಗಳನ್ನು ಮಾರ್ಪಡಿಸುವವರು ಸುಮ್ಮನೆ ಕುಳಿತಿರಲಿಲ್ಲ. ಅವರು ‘ಸ್ಟ್ರೀಟ್ ಮೆಷಿನ್’ ಎಂಬ ಬೇರೆ ಹೆಸರಿಟ್ಟುಕೊಂಡು 1970ರ ದಶಕದಿಂದ ತಮ್ಮದೇ ಕೂಟಗಳನ್ನು ನಡೆಸಿದರು. ಕೂಪೆಗಳ ಕಥೆಯೇ ಮರುಕಳಿಸಿತು: ಒಳಗೆ ಎಡೆಯಿಲ್ಲದವರು ಹೊರಗೆ ಮತ್ತೊಂದು ಚಪ್ಪರ ಹಾಕಿದರು.

ಗ್ಯಾರಿ ಮೆಡೋರ್ಸ್ ಅವರು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ‘ಗುಡ್‌ಗೈಸ್’ ಸಂಸ್ಥೆ ಮೊದಲಲ್ಲಿ 1948ರ ಗಡಿಯನ್ನೇ ಹಿಡಿದಿದ್ದರೂ ಕ್ರಮೇಣ ಅದನ್ನು ಸಡಿಲಿಸಿ 1972ರವರೆಗೆ ತಂದಿತು. ಕೂಟದ ಎಲ್ಲ ದಿನಗಳಲ್ಲಿ ಹಳೆಯ ಮೋಟಾರುಗಳು. ಕೊನೆಯ ದಿನವಾದ ಭಾನುವಾರ ಮಾತ್ರ ಯಾವ ವರ್ಷದ್ದಾದರೂ ಸರಿ, ಅಮೆರಿಕದಲ್ಲಿ ತಯಾರಾದ ಅಥವಾ ಅಮೆರಿಕದ ಯಂತ್ರವುಳ್ಳ ಮೋಟಾರಿಗೆ ಪ್ರವೇಶ ಎಂಬ ಜಾಣತನದ ಏರ್ಪಾಡನ್ನೂ ಅದು ಮಾಡಿತು. ಮುಂದೆ 1972ರ ಗಡಿ 1987ಕ್ಕೆ ಸರಿಯಿತು. ಅಲ್ಲಿಂದ 1990ರ ದಶಕದೊಳಕ್ಕೂ ಸರಿದಿದೆ.

ಸ್ಟ್ರೀಟ್ ರಾಡ್ ಅಸೋಸಿಯೇಷನ್ನೂ ಸುಮಾರು 2010ರ ಹೊತ್ತಿಗೆ 1948ರ ಗೋಡೆಯನ್ನು ತೆಗೆದು, 30 ವರ್ಷ ತುಂಬಿದ ಮೋಟಾರುಗಳಿಗೆ ಕೂಟದಲ್ಲಿ ಪ್ರವೇಶ ಕೊಡಲು ನಿರ್ಧರಿಸಿತು. ಎರಡು ಸಂಸ್ಥೆಗಳೂ ಗಡಿಯನ್ನು ಸರಿಸಿದವಾದರೂ ಸರಿಸಿದ ರೀತಿ ಬೇರೆ. ಗುಡ್‌ಗೈಸ್ ಸಂಸ್ಥೆಯದು ಗೂಟ ಕಿತ್ತು ಮುಂದೆ ನೆಡುವ ಪದ್ಧತಿ. ಪ್ರತಿ ಸಲವೂ ಹೊಸ ನಿರ್ಣಯ ಬೇಕು, ಪ್ರತಿ ಸಲವೂ ಹಳಬರ ಅಸಮಾಧಾನ ಕೇಳಬೇಕು. ಅಸೋಸಿಯೇಷನ್ನಿನದು ಪಂಚಾಂಗದಂತೆ ತಾನೇ ಉರುಳುವ ನಿಯಮ. ಪ್ರತಿ ವರ್ಷ ಹೊಸದೊಂದು ವರ್ಷದ ಮೋಟಾರುಗಳು ತಾವಾಗಿ ಒಳಬರುತ್ತವೆ. 2025ರಲ್ಲಿ 1995ರವು ಬಂದವು. ಸಭೆಯಿಲ್ಲ, ಮತದಾನವಿಲ್ಲ, ಮುನಿಸೂ ಕಡಿಮೆ.

ಇದರಲ್ಲಿ ಹಣದ ಲೆಕ್ಕವಿಲ್ಲವೆನ್ನುವುದು ಮುಗ್ಧತನವಾದೀತು. ಮೈದಾನದ ಬಾಡಿಗೆ, ವಿಮೆ, ಕಾವಲು, ಎಲ್ಲದಕ್ಕೂ ದುಡ್ಡು ಬೇಕು. ಅದು ಸದಸ್ಯರ ವಂತಿಗೆಯಿಂದಲೂ ಪ್ರವೇಶ ಶುಲ್ಕದಿಂದಲೂ ಬರತಕ್ಕದ್ದು. 1970ರಲ್ಲಿ ಇಪ್ಪತ್ತು ವರ್ಷವಾಗಿದ್ದವನಿಗೆ 2025ರಲ್ಲಿ ಎಪ್ಪತ್ತೈದು. ಬರುವ ಗಿರಾಕಿಗಳೆಲ್ಲ ಒಂದೇ ವಯಸ್ಸಿನವರಾದರೆ ಹೋಟೆಲಿನ ಮುಂದಿನ ಗತಿ ಏನೆಂಬುದು ಗಲ್ಲಾದ ಮೇಲೆ ಕುಳಿತವನಿಗೆ ಬೇಗ ತಿಳಿಯುತ್ತದೆ.

ಹಳಬರ ವಾದ

ಹಾಗೆಂದು ಹಳೆಯ ಗಡಿಯ ಪಕ್ಷಪಾತಿಗಳನ್ನು ಹಟಮಾರಿಗಳೆಂದು ತಳ್ಳಿಬಿಡುವುದು ನ್ಯಾಯವಲ್ಲ. ಹಾಟ್ ರಾಡ್ ಎಂಬುದು ವಯಸ್ಸಿನ ಲೆಕ್ಕವಲ್ಲ, ಒಂದು ಕಸುಬು ಎಂಬುದು ಅವರ ವಾದ. ತಗಡನ್ನು ಕೊಯ್ದು ಬೆಸುಗೆ ಹಾಕುವುದು, ಒಂದು ಮೋಟಾರಿನ ಯಂತ್ರವನ್ನು ಇನ್ನೊಂದರ ಚೌಕಟ್ಟಿಗೆ ಕೂಡಿಸುವುದು, ಕಿವಿಯಿಂದ ಕೇಳಿ ಕಾರ್ಬ್ಯುರೇಟರನ್ನು ಹದಗೊಳಿಸುವುದು, ಇವು ಕೈಯಿಂದ ಕೈಗೆ ದಾಟಿ ಬಂದ ವಿದ್ಯೆಗಳು. ಕಂಪನಿ ಮಾಡಿಕೊಟ್ಟಂತೆಯೇ ಇರುವ ಮೋಟಾರು 30 ವರ್ಷ ತುಂಬಿತೆಂಬ ಒಂದೇ ಕಾರಣದಿಂದ ಅವುಗಳ ಸಾಲಿನಲ್ಲಿ ನಿಂತರೆ ಆ ವಿದ್ಯೆಗೆ ಬೆಲೆಯೇನು ಎಂದು ಅವರು ಕೇಳುತ್ತಾರೆ. ಹಾಟ್ ರಾಡ್‌ಗೂ ಬರಿಯ ಹಳೆಯ ಕಾರಿಗೂ ಭೇದವಿಲ್ಲದಂತಾದರೆ ಸಂಘವಿದ್ದೂ ಪ್ರಯೋಜನವಿಲ್ಲ.

ಈ ವಾದಕ್ಕೆ ಪೂರಕವಾಗಿ, ಗಡಿ ಬದಲಿಸದೆ ಮರ್ಯಾದೆ ಉಳಿಸಿಕೊಂಡ ಉದಾಹರಣೆಗಳೂ ಇವೆ. ಓಕ್ಲಂಡಿನ ಪ್ರದರ್ಶನದಲ್ಲಿ 1950ರಿಂದ ‘ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್’ ಎಂಬ ಪಾರಿತೋಷಕ ಕೊಡುವ ಪರಿಪಾಠ ಆರಂಭವಾಯಿತು. ಪ್ರಥಮ ವರ್ಷ ಅದನ್ನು ಗೆದ್ದವರು ಬಿಲ್ ನೀಕ್ಯಾಂಪ್ ಎಂಬವರು, ತಮ್ಮ 1929ರ ಫೋರ್ಡಿಗಾಗಿ. ಈ ಪಾರಿತೋಷಕಕ್ಕೆ 1937ರ ಈಚಿನ ಮೋಟಾರನ್ನು ಪರಿಗಣಿಸುವುದಿಲ್ಲ. ಬಾನ್‌ವಿಲ್ ಉಪ್ಪಿನ ಬಯಲಿನ ‘200 ಮೈಲಿ ಕ್ಲಬ್ಬು’ ಇನ್ನೂ ಕಠಿಣ: ಗಂಟೆಗೆ 200 ಮೈಲಿ, ಎಂದರೆ ಸುಮಾರು 322 ಕಿಲೋಮೀಟರು, ಮೀರಿ ಓಡಿದರೂ ಸಾಲದು, ತನ್ನ ವರ್ಗದಲ್ಲಿ ದಾಖಲೆಯನ್ನೂ ಸ್ಥಾಪಿಸಬೇಕು. ದಾಖಲೆ ಏರಿದಂತೆಲ್ಲ ಬಾಗಿಲು ಕಿರಿದಾಗುತ್ತ ಹೋಗುತ್ತದೆ. ಆದರೂ ಅದನ್ನು ಅನ್ಯಾಯವೆನ್ನುವವರಿಲ್ಲ. ಏಕೆಂದರೆ ಅಲ್ಲಿ ಅಳೆಯುವುದು ಸಾಧನೆಯನ್ನು.

ಕಾನೂನಿನ ವ್ಯಾಖ್ಯೆ

ಈ ಚರ್ಚೆಯಲ್ಲಿ ಗೌರವದ ಪ್ರಶ್ನೆಯೊಂದೇ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂತಹ ಮೋಟಾರುಗಳ ನೋಂದಣಿಗೆ ಪ್ರತ್ಯೇಕ ಕಾನೂನುಗಳಿವೆ. ಬಿಡಿಭಾಗ ತಯಾರಕರ ಸಂಸ್ಥೆಯಾದ ‘ಸೀಮಾ’ ಸಿದ್ಧಪಡಿಸಿದ ಮಾದರಿ ಮಸೂದೆ ಎರಡೂ ಪಕ್ಷಗಳನ್ನು ಸಮಾಧಾನಪಡಿಸುವಂತಿದೆ: 1949ಕ್ಕೆ ಮೊದಲಿನದು ‘ಸ್ಟ್ರೀಟ್ ರಾಡ್’, 1948ರ ಈಚಿನದಾಗಿದ್ದು 25 ವರ್ಷವಾದರೂ ತುಂಬಿರುವುದು ‘ಕಸ್ಟಮ್’. ಒಂದು ನಿಂತ ಗಡಿ, ಇನ್ನೊಂದು ನಡೆಯುವ ಗಡಿ. ಎರಡಕ್ಕೂ ಬೇರೆ ಬೇರೆ ಹೆಸರು.

ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯ ಕಾನೂನಿನ ಪ್ರಕಾರ 30 ವರ್ಷ ತುಂಬಿದ ಮೋಟಾರಿಗೆ ವಿನಾಯಿತಿ ದೊರೆಯುತ್ತ, ಆ ಗಡಿ ವರ್ಷ ವರ್ಷವೂ ಮುಂದೆ ಸಾಗುವಂತಿತ್ತು. 2004ರ ಕಾಯಿದೆಯು ಅದನ್ನು ತಡೆದು, 1975 ಹಾಗೂ ಹಿಂದಿನ ಮಾದರಿಗಳಿಗೆ ಮಾತ್ರ ವಿನಾಯಿತಿಯನ್ನು ಸೀಮಿತಗೊಳಿಸಿತು. ಹೊಸದಾಗಿ ಕಟ್ಟಿದ, ಹಳೆಯ ಆಕಾರದ ಮೋಟಾರುಗಳ ವಿಷಯದಲ್ಲಿ 2001ರ ಇನ್ನೊಂದು ಕಾಯಿದೆಯುಂಟು. ವರ್ಷಕ್ಕೆ ಮೊದಲ 500 ಅರ್ಜಿದಾರರಿಗೆ, ತಮ್ಮ ಮೋಟಾರು ಯಾವ ವರ್ಷದ್ದನ್ನು ಹೋಲುತ್ತದೆಯೋ ಆ ವರ್ಷದ ನಿಯಮವೇ ಅನ್ವಯಿಸುತ್ತದೆ. ಫೈಬರ್‌ಗ್ಲಾಸಿನಲ್ಲಿ ನಿನ್ನೆ ಎರಕವಾದ ಮೈ ಕಾನೂನಿನ ಕಣ್ಣಿಗೆ 1932ರದಾಗಬಹುದು! ಹೀಗೆ ವ್ಯಾಖ್ಯೆಯ ಒಂದು ಅಂಕಿಯ ಮೇಲೆ, ಮೋಟಾರು ರಸ್ತೆಗಿಳಿಯುವುದೋ ಷೆಡ್ಡಿನಲ್ಲಿಯೇ ಉಳಿಯುವುದೋ ಎಂಬುದು ನಿಂತಿದೆ.

ನಮ್ಮ ದೇಶದಲ್ಲಿ ಇದಕ್ಕೆ ತೀರ ವಿರುದ್ಧವಾದ ಪದ್ಧತಿ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಮೇರೆಗೆ, 50 ವರ್ಷ ಮೀರಿದ್ದು, ಮೂಲ ಸ್ವರೂಪದಲ್ಲಿಯೇ ಇದ್ದು, ಚಾಸಿ, ಮೈ, ಯಂತ್ರಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನವೇ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಅಲ್ಲಿ ಬದಲಿಸಿದ್ದಕ್ಕೇ ಮನ್ನಣೆ. ಇಲ್ಲಿ ಬದಲಿಸದೆ ಉಳಿಸಿದ್ದಕ್ಕೆ ಮನ್ನಣೆ. ಎರಡು ದೇಶಗಳೂ ಹಳೆಯ ಮೋಟಾರನ್ನು ಪ್ರೀತಿಸುತ್ತವೆ; ಪ್ರೀತಿಸುವ ರೀತಿಯನ್ನು ನಿಯಮಗಳು ಬಯಲುಮಾಡುತ್ತವೆ.

ನಿಯಮದ ಪಕ್ಕದಲ್ಲಿ ಕಾರಣ

ಇಷ್ಟೆಲ್ಲವನ್ನೂ ವಿಚಾರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಸುಬಿಗೆ ಪಾರಿತೋಷಕ ಕೊಡುವ ಕೂಟ ಎಷ್ಟು ಕಟ್ಟುನಿಟ್ಟಾಗಿದ್ದರೂ ತಪ್ಪಿಲ್ಲ. ಅದರ ಘನತೆ ಆ ಕಟ್ಟುನಿಟ್ಟಿನಲ್ಲಿಯೇ ಇದೆ. ಆದರೆ ಹವ್ಯಾಸಿಗಳೆಲ್ಲರ ಪ್ರತಿನಿಧಿಯೆಂದು ಹೇಳಿಕೊಳ್ಳುವ ದೊಡ್ಡ ಸಂಸ್ಥೆಯು ತನ್ನ ಸ್ಥಾಪಕರ ಯೌವನದ ವರ್ಷವನ್ನೇ ಶಾಶ್ವತವಾದ ಗಡಿಯನ್ನಾಗಿ ಮಾಡಿಕೊಂಡರೆ, ಸ್ಥಾಪಕರ ಆಯುಷ್ಯವೇ ಅದರ ಆಯುಷ್ಯವಾದೀತು. ಬಾಗಿಲು ತೆರೆಯುವುದರಿಂದ ಕಸುಬು ಕೆಡುವುದೆಂಬ ಭಯಕ್ಕೆ ಮದ್ದು ವರ್ಷದ ಅಂಕಿಯಲ್ಲಿಲ್ಲ. ಮೋಟಾರಿನ ಮೇಲೆ ಅದರ ಒಡೆಯನ ಕೈ ಎಷ್ಟು ದುಡಿದಿದೆ ಎಂದು ಕೇಳುವ ನಿಯಮದಲ್ಲಿದೆ. ಹೊಸಬರಿಗೆ ಆ ಕೈಕೆಲಸವನ್ನು ಕಲಿಸಬಲ್ಲ ಹಿರಿಯರು ಕಣ್ಣಮುಂದಿರುವಾಗಲೇ ಅವರನ್ನು ಒಳಗೆ ಕರೆದುಕೊಳ್ಳಬೇಕು. ಹಿರಿಯರು ಹೋದ ಮೇಲೆ ತೆರೆದ ಬಾಗಿಲಿನೊಳಗೆ ಕಲಿಯಲು ಉಳಿಯುವುದೇನು?

1948 ಎಂದು ಬರೆದವರು ಅದರ ಪಕ್ಕದಲ್ಲಿ ‘ಮಡ್‌ಗಾರ್ಡು ಬಿಚ್ಚಬಹುದಾದ್ದರಿಂದ, ಹುಡುಗರು ಅಗ್ಗವಾಗಿ ಕೊಳ್ಳಬಹುದಾದ್ದರಿಂದ’ ಎಂದು ಎರಡು ಸಾಲು ಸೇರಿಸಿದ್ದರೆ, ಮೊದಲನೆಯ ಕಾರಣ ಉಳಿದು ಎರಡನೆಯದು ಹೋಗಿದೆಯೆಂಬುದು ಮುಂದಿನವರಿಗೆ ತಾನೇ ಕಾಣುತ್ತಿತ್ತು. ತಿದ್ದುಪಡಿಗೆ ನಲವತ್ತು ವರ್ಷ ಕಾಯಬೇಕಾಗಿರಲಿಲ್ಲ. ಯಾವುದೇ ಸಂಘದ ನಿಯಮಾವಳಿಯನ್ನು ಬರೆಯಲು ಕುಳಿತವರು ಕಲಮಿನ ಜತೆಗೆ ಅದರ ಕಾರಣವನ್ನೂ ಬರೆದಿಡುವುದು ಲೇಸು. ಹತ್ತು ವರ್ಷಕ್ಕೊಮ್ಮೆ ಆ ಸಾಲನ್ನು ಸಭೆಯ ಮುಂದೆ ಓದಿದರೆ ಸಾಕು. ನಿಯಮ ಇರಬೇಕೋ ಬೇಡವೋ ಎಂಬುದನ್ನು ಸದಸ್ಯರೇ ನಿರ್ಣಯಿಸಿಕೊಂಡಾರು.